ಲೈನು ಸೋರೋದಿಲ್ಲ

ಈಜಿಪ್ಟಿನ ಶುಬ್ರಾ ಬಡಾವಣೆಯ ಆ ನಾಲ್ಕನೇ ಮಹಡಿಯ ಮನೆಯಲ್ಲಿ ಜೀವಿಗಳು ಐದು, ತಿಂಗಳಿಗೆ ಬರುವ ಜಿಬಿಗಳು ನೂರ ನಲವತ್ತು. ಒಂದನೇ ತಾರೀಖು ತುಂಬಿ ಬಂದ ನೆಟ್ ಪ್ಯಾಕು ಮೂವತ್ತರವರೆಗೆ ಬಾಳಬೇಕು. ಮೂರು ವರ್ಷ ಹಾಗೇ ಬಾಳಿತ್ತು ಕೂಡ. ಈಗ ಎರಡು ತಿಂಗಳಿಂದ ಇಪ್ಪತ್ತೆರಡಕ್ಕೇ ಕಣ್ಣು ಮುಚ್ಚುತ್ತಿತ್ತು.

ಆ ಶುಕ್ರವಾರ ಗಂಡಸರು ಮಸೀದಿಯಿಂದ ಬರುವ ಹೊತ್ತಿಗೆ ಸೊಸೆ ತಹಾನಿ ಮುಲೂಖಿಯ್ಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುತ್ತಿದ್ದಳು. ಸುರಿಯುವ ಗಳಿಗೆಯಲ್ಲಿ ಎದೆಯೊಳಗಿಂದ ‘ಹ್ಹಾ’ ಎಂದು ಉಸಿರೆಳೆಯಬೇಕು. ಎಳೆಯದಿದ್ದರೆ ಸೊಪ್ಪು ತಳಕ್ಕೆ ಕೂರುತ್ತದೆ ಎನ್ನುವುದು ಅತ್ತೆ ಇನ್ಶಿರಾಹ್ ಅವರ ಕಾನೂನು. ಹದಿನೈದು ವರ್ಷದಿಂದ ತಹಾನಿ ಉಸಿರೆಳೆಯುತ್ತಲೇ ಇದ್ದಳು. ಇನ್ನೊಂಚೂರು ಜೋರಾಗಿ ಎಳೀಬೇಕಿತ್ತು ಎಂದು ಅತ್ತೆ ಹದಿನೈದು ವರ್ಷದಿಂದ ಹೇಳುತ್ತಲೇ ಇದ್ದರು.

ಎಲ್ಲರೂ ಊಟಕ್ಕೆ ಕೂತು ಮೊದಲ ತುತ್ತು ರೊಟ್ಟಿ ಅದ್ದುವಷ್ಟರಲ್ಲಿ ಮಾವ ಶೌಕಿಯವರ ಗಲಾಬಿಯ್ಯಾ ನಿಲುವಂಗಿಯ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಬಂದ ಸಂದೇಶವನ್ನು ಮನಸ್ಸಿನಲ್ಲಿ ಓದಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಸಾವಿನ ತಂತಿ ಓದುವವರ ಹಾಗೆ ನಿಧಾನವಾಗಿ ಓದಿದರು.

“ಪ್ರಿಯ ಗ್ರಾಹಕರೇ, ತಮ್ಮ ಪ್ಯಾಕಿನಲ್ಲಿ ಶೇಕಡಾ ಎಂಬತ್ತು ಭಾಗ ಬಳಕೆಯಾಗಿದೆ.”

“ನಮ್ಮೊಂದಿಗೆ ಇರುವುದಕ್ಕಾಗಿ ಧನ್ಯವಾದಗಳು,” ಎಂದು ಮೊಮ್ಮಗಳು ರೀತಾಜ್ ಮೂಗಿನಲ್ಲಿ ಮುಗಿಸಿದಳು. ಹದಿಮೂರು ವರ್ಷದ ಅವಳ ಗಂಟಲಲ್ಲಿ ಇಡೀ ಓಣಿಯೇ ಬಾಡಿಗೆಗಿತ್ತು: ತರಕಾರಿ ಗಾಡಿಯವನು, ಹೆಡ್ ಮಿಸ್ಸು, ಕಂಪನಿಯ ರೆಕಾರ್ಡಿಂಗ್ ಹುಡುಗಿ, ಎಲ್ಲರೂ.

“ಇವತ್ತು ಹದಿನೇಳು,” ಎಂದರು ಶೌಕಿ.

ಶೌಕಿ ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಕೆಲಸ ಮಾಡಿ ನಿವೃತ್ತರಾದವರು. ಓದಿದ್ದು ಡಿಪ್ಲೊಮಾ. ಆದರೂ ಓಣಿಯವರು ‘ಬಾಶ್‌ಮುಹಂದಿಸ್’ ಅಂದರೆ ದೊಡ್ಡ ಇಂಜಿನಿಯರ್ ಸಾಹೇಬರು ಎನ್ನುತ್ತಿದ್ದರು, ಅವರೂ ತಿದ್ದಲು ಹೋಗಿರಲಿಲ್ಲ. ಬಿಲ್ಲು ಹೆಚ್ಚಾಗಿ ಬಂತು, ಲೈನು ಎಲ್ಲೋ ಸೋರುತ್ತಿರಬೇಕು ಎಂದು ಜನ ಕಿಟಕಿಗೆ ಬಂದು ಅತ್ತಾಗ ಅವರ ಉತ್ತರ ಒಂದೇ. ನೀರು ಸೋರುತ್ತೆ, ಲೈನು ಸೋರೋದಿಲ್ಲ. ನಿಮ್ಮನೇಲೇ ಯಾರೋ ಕದ್ದು ಮಾತಾಡ್ತಿದಾರೆ, ಹೋಗಿ ನೋಡಿ. ಜನ ಹೋಗಿ ನೋಡುತ್ತಿದ್ದರು. ಸಾಮಾನ್ಯವಾಗಿ ಯಾರಾದರೊಬ್ಬರು ಸಿಗುತ್ತಿದ್ದರು. ಮೂರು ನಿಶ್ಚಿತಾರ್ಥ ತಮ್ಮ ಈ ಒಂದು ಮಾತಿನಿಂದ ಮುರಿದಿವೆ ಎಂದು ಶೌಕಿ ಇಂದಿಗೂ ಹೆಮ್ಮೆಪಡುತ್ತಿದ್ದರು.

ಈಗ ಅದೇ ಮಾತು ಅವರದೇ ಊಟದ ಮೇಜಿನ ಮೇಲೆ ಬಂದು ಕೂತಿತು. ಮನೆಯ ನೆಟ್ಟು ಬರುವುದು ಅವರ ಹೆಸರಿನ ಫೋನ್ ಲೈನಿನಲ್ಲಿ. ವಿಚಾರಣೆಯ ಹಕ್ಕೂ ಅವರದೇ. ಒಬ್ಬೊಬ್ಬರನ್ನೇ ಕೇಳಿದರು. ಮಗ ವಜ್ದಿ, ನಾನು ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು, ಫುಟ್‌ಬಾಲ್ ಪಂದ್ಯವನ್ನೂ ಕಾಫಿ ಅಂಗಡಿಯಲ್ಲೇ ನೋಡುತ್ತೇನೆ ಎಂದ. ರೀತಾಜ್ ತನ್ನ ಫೋನನ್ನೇ ಮುಂದೆ ತಳ್ಳಿ, ತೆಗೆದು ನೋಡಿ ತಾತ, ಎಂದಳು. ಇನ್ಶಿರಾಹ್ ಅವರನ್ನು ಯಾರೂ ಕೇಳಲಿಲ್ಲ. ನಮಾಜಿನ ವೇಳೆ, ಅಡುಗೆಯ ಅಳತೆ, ಇಷ್ಟು ಬಿಟ್ಟರೆ ಅವರ ಫೋನಿಗೆ ಬೇರೆ ಕೆಲಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಉಳಿದವಳು ತಹಾನಿ. ಬೆಳಿಗ್ಗೆಯಿಂದ ಮಧ್ಯಾಹ್ನ ಒಂದು ಗಂಟೆಯ ತನಕ ಅವಳು ಶಿಶುವಿಹಾರದಲ್ಲಿ ಆಯಾ. ಸಂಜೆ ಐದರಿಂದ ಏಳು, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಜರ್ಮನಿಯಲ್ಲಿರುವ ಈಜಿಪ್ಟಿನವರ ಮಕ್ಕಳಿಗೆ ಫೋನಿನ ಪರದೆಯ ಮೇಲೆ ಅಲಿಫ್, ಬಾ, ತಾ ಎಂದು ಅರಬ್ಬಿ ಅಕ್ಷರ ಕಲಿಸುವ ಮೇಡಂ. ಆಯಾ ಕೆಲಸದಿಂದ ಬೆನ್ನುನೋವು, ಮೇಡಂ ಕೆಲಸದಿಂದ ಮರ್ಯಾದೆ. ಆ ಸಂಸ್ಥೆಯವರದೊಂದು ನಿಯಮವಿತ್ತು: ಹೇಳದೆ ಕೇಳದೆ ಮೂರು ಪಾಠ ತಪ್ಪಿದರೆ ಮೇಡಂಗೆ ಸಲಾಂ. ಹೋದ ತಿಂಗಳು ನೆಟ್ ನಿಂತು ಒಂದು ಪಾಠ ತಪ್ಪಿತ್ತು, ಮಿಕ್ಕ ದಿನಗಳಿಗೆ ರಜೆ ಕೇಳಿಕೊಂಡಿದ್ದಳು.

“ನಂದು ದಿನಕ್ಕೆ ಎರಡು ಗಂಟೆ, ಮಾವ. ಶುರುವಾದಾಗಿಂದ ಅಷ್ಟೇ. ಒಂದು ನಿಮಿಷ ಹೆಚ್ಚಿಲ್ಲ,” ಎಂದಳು.

ಅತ್ತೆ ಸಾರಿನ ಬಟ್ಟಲನ್ನು ಗಂಡನ ಕಡೆ ಸರಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: “ಜರ್ಮನಿ ಏನ್ ಪಕ್ಕದ ಬೀದೀನಾ? ಅಷ್ಟು ದೂರ ಹೋಗಿ ಬರೋಕೆ ಖರ್ಚಾಗದೆ ಇರುತ್ತಾ.”

ಅಂತೂ ಕರೆ ಮಾಡಿದವರು ಯಾರೋ, ಕರೆ ಮೆತ್ತಿಕೊಂಡದ್ದು ತಹಾನಿಗೆ.

ಮಾರನೆಯ ದಿನದಿಂದ ಶೌಕಿಯವರ ತನಿಖೆ ಶುರುವಾಯಿತು. ಹಿಂದೆಲ್ಲ ಕಳ್ಳ ಲೈನು ಹಿಡಿಯುವುದು ಸುಲಭವಿತ್ತು. ತಂತಿ ಹಿಡಿದು ಹೊರಟರೆ ಅದು ಗೋಡೆ ಹತ್ತಿ, ಕಂಬ ಇಳಿದು, ಯಾರದೋ ಮಂಚದ ಕೆಳಗೆ ಹೋಗಿ ನಿಲ್ಲುತ್ತಿತ್ತು. ಈ ವೈಫೈಗೆ ಬಾಲವೇ ಇಲ್ಲ, ಎಲ್ಲಿ ಹಿಡಿಯುವುದು? ಅವರು ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಸಿಗ್ನಲ್ಲಿನ ಗೆರೆ ಎಣಿಸುತ್ತ, ಗೋಡೆಗಳಿಗೆ ಬೆನ್ನು ಉಜ್ಜಿಕೊಂಡು ಮನೆಯೆಲ್ಲ ನಡೆದರು. ಅಡುಗೆಮನೆಯಲ್ಲಿ ಒಂದೇ ಗೆರೆ. ಮಲಗುವ ಕೋಣೆಯಲ್ಲಿ ಎರಡು. ಹಾಲಿನಲ್ಲಿ, ಗಾಜಿನ ಕಪಾಟಿನ ನೆತ್ತಿಯ ಮೇಲೆ ಇನ್ಶಿರಾಹ್ ಹೆಣೆದ ಕ್ರೋಶಾ ಬಟ್ಟೆ ಹೊದ್ದು ಕೂತಿದ್ದ ರೂಟರಿನ ಬುಡದಲ್ಲಿ ಮಾತ್ರ ಪೂರ್ತಿ ನಾಲ್ಕು.

ಆಮೇಲೆ ಎದುರು ಬಾಗಿಲು ತಟ್ಟಿ ಮದಾಂ ತಿರೇಝ್ ಅವರನ್ನು ಕೇಳಿದರು, ನಿಮ್ಮ ಮನೆಗೆ ನಮ್ಮ ನೆಟ್ ಏನಾದರೂ ಬರುತ್ತಾ ಎಂದು. ಎಪ್ಪತ್ತು ದಾಟಿದ ಆ ವಿಧವೆ, ನಿಮ್ಮ ಮನೆಯಿಂದ ನನಗೆ ಬರುವುದು ಬೆಳ್ಳುಳ್ಳಿ ವಾಸನೆ, ಜಗಳದ ಸದ್ದು, ಇವೆರಡೇ ಬಾಶ್‌ಮುಹಂದಿಸ್, ಎರಡಕ್ಕೂ ಪಾಸ್‌ವರ್ಡ್ ಬೇಕಾಗಿಲ್ಲ ಎಂದು ಬಾಗಿಲು ಹಾಕಿಕೊಂಡರು.

ಶೌಕಿ ಪಾಸ್‌ವರ್ಡ್ ಬದಲಿಸಿದರು. ಹೊಸದನ್ನು ಬಾಯಲ್ಲಿ ಹೇಳಲಿಲ್ಲ. ಮನೆಯವರೆಲ್ಲ ಸಾಲಾಗಿ ನಿಂತು ಫೋನು ಒಪ್ಪಿಸಬೇಕು, ಅವರು ಗೋಡೆಗೆ ತಿರುಗಿ ತಾವೇ ಒತ್ತಿ, ಸೂಜಿ ಚುಚ್ಚಿದ ವೈದ್ಯರ ಹಾಗೆ ಹಿಂದಿರುಗಿಸಬೇಕು. ಹೆಂಡತಿಯ ಫೋನಿಗೂ ಒತ್ತಿಕೊಟ್ಟರು. “ನಿಂಗೆ ನಮಾಜಿನ ವೇಳೆ ಗೊತ್ತಾಗದೆ ಹೋದೀತು,” ಎಂದರು, ಸ್ವಲ್ಪ ಮೆತ್ತಗೆ.

ಹಾಗಿದ್ದೂ ಇಪ್ಪತ್ತೆರಡಕ್ಕೆ ನೆಟ್ ನಿಂತಿತು. ಸಂಜೆ ಐದೂಕಾಲು. ಜರ್ಮನಿಯ ಹುಡುಗಿಯೊಬ್ಬಳು ‘ಜೀಮ್’ ಅಕ್ಷರದ ಹೊಟ್ಟೆಯಲ್ಲಿ ಚುಕ್ಕಿ ಇಡಬೇಕೋ ಬೇಡವೋ ಎಂದು ಕೇಳುತ್ತಿದ್ದಳು. ಪರದೆಯ ಮೇಲೆ ಅವಳ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಎರಡನೇ ಪಾಠ ತಪ್ಪಿತು.

ತಹಾನಿ ಗಂಡನ ಹತ್ತಿರ ಹೇಳಿಕೊಂಡಳು. ವಜ್ದಿ ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಸರಿ ಮಾಡಿ ಬಂದು ಮನೆಯಲ್ಲಿ ಮಾತ್ರ ತಾನೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿರುತ್ತಿದ್ದ. ಅಪ್ಪನದೂ ಸರಿ, ನಿಂದೂ ಸರಿ ಎಂದ.

“ಎರಡೂ ಸರಿ ಇರೋಕೆ ಆಗಲ್ಲ. ನಾನು ಕಳ್ಳಿ ಅಂತ ನಿಂಗನ್ನಿಸುತ್ತಾ, ಇಲ್ವಾ?”

“ಅನ್ನಿಸುತ್ತೆ ಅಂತ ನಾನೆಲ್ಲಿ ಅಂದೆ?”

“ಅನ್ನಿಸಲ್ಲ ಅಂತಲೂ ಅಂದಿಲ್ವಲ್ಲ.”

ವಜ್ದಿ ಸಾಕ್ಸು ಹುಡುಕತೊಡಗಿದ.

ಹೊಸ ತಿಂಗಳ ಮೂರನೇ ತಾರೀಖು ತಹಾನಿ ಶಿಶುವಿಹಾರದಿಂದ ಬಂದಾಗ ಹಾಲಿನ ಬಲ್ಬು ಬದಲಾಗಿತ್ತು. ದಪ್ಪ ತಲೆಯ, ಮಂಕು ಬೆಳಕಿನ ಬಲ್ಬು. ಅದರಡಿ ಅಕ್ಕಿಯ ಕಲ್ಲು ಕಾಣುವುದಿಲ್ಲವೆಂದು ಅತ್ತೆ ಗೊಣಗಿದರು. ಹೊಸ ನಮೂನೆಯದು, ವಿದ್ಯುತ್ ಉಳಿಸುತ್ತದೆ ಎಂದರು ಮಾವ. ಇನ್ನು ಮೇಲೆ ಹಾಲಿನ ಸ್ವಿಚ್ಚು ಹಗಲೂ ಆರಿಸಬಾರದು, ಪದೇಪದೇ ಆರಿಸಿದರೆ ಕೆಡುತ್ತದೆ ಎಂದು ಆಜ್ಞೆಯೂ ಆಯಿತು. ಬಚ್ಚಲ ದೀಪ ಎರಡು ನಿಮಿಷ ಹೆಚ್ಚು ಉರಿದರೆ ಹೊರಗಿನಿಂದ ಬಾಗಿಲು ಬಡಿಯುವ ಮನುಷ್ಯ ಹಗಲು ದೀಪ ಉರಿಸಿರಿ ಎಂದದ್ದು ತಹಾನಿಗೆ ವಿಚಿತ್ರವಾಗಿ ಕಂಡಿತು. ಗಂಡನ ಮುಖ ನೋಡಿದಳು. ಗಂಡ ಚಾವಣಿ ನೋಡಿ, ಕೂಡಲೇ ಚಾವಣಿ ನೋಡಬಾರದು ಎಂದು ನೆನಪಾದವನಂತೆ ಕಿಟಕಿ ನೋಡಿದ.

ಆ ವಾರವೆಲ್ಲ ಮನೆಯ ಊಟಕ್ಕೆ ಉಪ್ಪಿಗಿಂತ ಅನುಮಾನ ಹೆಚ್ಚಾಗಿತ್ತು. ತಹಾನಿ ಪಾಠಕ್ಕೆ ಕೂತರೆ ಹೊರಗೆ ಮಾವನ ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ನಿಲ್ಲುತ್ತಿತ್ತು. ಚಹಾ ಮಾಡಲು ಹೊರಗೆ ಬಂದರೆ, ಏನು ಇವತ್ತು ಜರ್ಮನಿಯಲ್ಲಿ ಬೇಗ ಬಿಡುವಾಯ್ತಾ ಎಂದು ಅತ್ತೆ ವಿಚಾರಿಸುತ್ತಿದ್ದರು. ರೀತಾಜ್ ಕೂಡ ಒಂದು ದಿನ, ಅಮ್ಮ, ನೀನೇ ಅಂತಾದರೆ ನನಗೆ ಮಾತ್ರ ಹೇಳು, ನಾನು ಯಾರಿಗೂ ಹೇಳಲ್ಲ ಎಂದಳು. ಅವತ್ತು ತಹಾನಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ಅವಳೂ ಸುಮ್ಮನಿರಲಿಲ್ಲ. ಗಂಡ ಬಚ್ಚಲಿಗೆ ಹೋದಾಗ ಅವನ ಫೋನು ಬಿಸಿಯಿದೆಯೇ ಎಂದು ಮುಟ್ಟಿ ನೋಡಿದಳು. ಮಗಳ ದಿಂಬಿನಡಿ ಕೈ ಹಾಕಿದಳು. ಹಾಕಿ ನಾಚಿದಳು.

ಹನ್ನೊಂದನೇ ತಾರೀಖು, ಸೋಮವಾರ. ಬೆಳಿಗ್ಗೆ ಎಲ್ಲರೂ ಅವರೆಯಂಥ ಫೂಲ್ ಕಾಳಿನ ಬಟ್ಟಲ ಸುತ್ತ ಕೂತಿದ್ದಾಗ ಟಿಂಗ್ ಎಂದಿತು. ಪ್ರಿಯ ಗ್ರಾಹಕರೇ. ಶೇಕಡಾ ಎಂಬತ್ತು. ಈ ಸಲ ಹನ್ನೊಂದಕ್ಕೇ. ರೀತಾಜ್ ಯಾರ ದನಿಯನ್ನೂ ತೆಗೆಯಲಿಲ್ಲ.

ಶೌಕಿ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಇಳಿಸಿದರು. “ಹಿಂದೆ ಕದೀತಿದ್ದೆ, ಈಗ ಲೂಟಿ ಮಾಡ್ತಿದ್ದೀಯ. ಹೆದರಿಕೆ ಹೋಯ್ತಲ್ಲ ತಹಾನಿ ನಿಂಗೆ?”

“ನಾನಲ್ಲ, ಮಾವ.”

“ಲೈನು ಸೋರೋದಿಲ್ಲ ಮಗಳೇ.”

ಗುರುವಾರದ ಒಳಗೆ ಯಾರೆಂದು ಒಪ್ಪಿಕೊಳ್ಳದಿದ್ದರೆ ಎಕ್ಸ್‌ಚೇಂಜಿಗೆ ಹೋಗಿ ನೆಟ್ಟನ್ನೇ ಕಡಿಸಿ ಬರುತ್ತೇನೆ, ಈ ಮನೆ ಮೊದಲಿನ ಹಾಗೆ ಬರೀ ಫೋನಿನ ಮನೆಯಾಗಿರಲಿ ಎಂದರು ಶೌಕಿ. ವಜ್ದಿ ಫೂಲಿಗೆ ನಿಂಬೆ ಹಿಂಡಿದ, ಆಗಲೇ ಹಿಂಡಿದ್ದರೂ. ಅತ್ತೆ ಮಾತ್ರ ಅವತ್ತು ಬಾಯಿ ಹಾಕಲಿಲ್ಲ. ಗಂಡನ ಕೊನೆಯ ಮಾತಿಗೆ ಅವರ ಕೈಯ ಈರುಳ್ಳಿ ಜಾರಿ ಬಿದ್ದದ್ದನ್ನು ತಹಾನಿ ಕಂಡಳು, ವಯಸ್ಸಾಯಿತು ಎಂದುಕೊಂಡಳು. ಗುರುವಾರ ಬಂತೆಂದರೆ ಮೂರನೇ ಪಾಠ, ನಾಲ್ಕನೆಯದು, ಐದನೆಯದು ಎಲ್ಲ ಒಟ್ಟಿಗೇ ತಪ್ಪುತ್ತದೆ. ಮೇಡಂ ಮತ್ತೆ ಬರೀ ಆಯಾ.

ಮಂಗಳವಾರ ಶಿಶುವಿಹಾರದಲ್ಲಿ ನೀರು ಬರಲಿಲ್ಲ. ಹನ್ನೊಂದಕ್ಕೇ ಮಕ್ಕಳನ್ನು ಕಳುಹಿಸಿ ಬಾಗಿಲು ಹಾಕಿದರು. ತಹಾನಿ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಮಾತು ಕೇಳಿಸಿತು. ಮಾವ ಈ ಹೊತ್ತಿಗೆ ಕಾಫಿ ಅಂಗಡಿಯಲ್ಲಿ. ಹನ್ನೊಂದಕ್ಕೆ ಹೋದರೆ ಮಧ್ಯಾಹ್ನದ ನಮಾಜು ಮುಗಿಸಿಯೇ ಬರುವುದು. ಹಾಗಾದರೆ ಒಳಗೆ ಯಾರು? ಅವಳು ಬೀಗದ ಕೈಯನ್ನು ಸದ್ದಾಗದಂತೆ ತಿರುಗಿಸಿದಳು. ಇಷ್ಟು ದಿನ ತನ್ನ ಬೆನ್ನಿಗೆ ಬಿದ್ದಿದ್ದ ಕದ್ದು ನೋಡುವ ಬುದ್ಧಿ ಈಗ ತನಗೂ ಬಂತಲ್ಲ ಎಂದು ಒಂದು ಕ್ಷಣ ಅನ್ನಿಸಿತು.

ಹಾಲಿನಲ್ಲಿ, ಗಾಜಿನ ಕಪಾಟಿನ ಬುಡಕ್ಕೆ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಅನ್ನ ತುಂಬಿ ಸುತ್ತುತ್ತಿದ್ದ ದ್ರಾಕ್ಷಿ ಎಲೆಗಳು. ಎದುರಿನ ಸ್ಟೂಲಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿದ ಫೋನು. ಫೋನಿನಲ್ಲಿ ಒಂದು ತೊಟ್ಟಿಲು, ತೊಟ್ಟಿಲಲ್ಲಿ ಮೂರು ತಿಂಗಳ ಮಗು. ಮಗು ಕೆಮ್ಮಿತು. ಅತ್ತೆ ಸುತ್ತುವುದನ್ನು ನಿಲ್ಲಿಸಿ ಪರದೆಗೆ ಬಗ್ಗಿ, “ನೋಡೇ, ಮತ್ತೆ ಕೆಮ್ಮಿದ,” ಎಂದರು. ಆಚೆಯಿಂದ ಹೆಂಗಸೊಬ್ಬಳು, ಈಗ ಬಂದೆ ಅಮ್ಮ, ಬಟ್ಟೆ ಒಣಗಿಸಿ ಬರ್ತೀನಿ, ನೀನು ನೋಡ್ತಿರು ಎಂದಳು.

ನಾಹಿದ್. ಈ ಮನೆಯ ಮಗಳು. ಗಂಡ ಸತ್ತ ಎರಡು ವರ್ಷಕ್ಕೆ, ಅಪ್ಪನನ್ನು ಒಂದು ಮಾತೂ ಕೇಳದೆ, ತಾನೇ ಹೋಗಿ ಪೋರ್ಟ್ ಸಯೀದಿನ ಬಸ್ ಡ್ರೈವರನನ್ನು ಮದುವೆಯಾದವಳು. ಅಂದು ಶೌಕಿ ಅವಳ ಫೋಟೋವನ್ನು ಈ ಗಾಜಿನ ಕಪಾಟಿನಿಂದಲೇ ತೆಗೆದು, ಅವಳ ಹೆಸರೂ ಈ ಮನೆಯೊಳಗೆ ಬರಕೂಡದು, ದನಿಯೂ ಬರಕೂಡದು ಎಂದಿದ್ದರು. ಮದುವೆಯಾಗಿ ಎರಡನೇ ವರ್ಷ ಇದು. ಅವಳಿಗೆ ಮಗುವಾದದ್ದು ತಹಾನಿಗೆ ಗೊತ್ತೇ ಇರಲಿಲ್ಲ.

ಅತ್ತೆ ತಿರುಗಿದರು. ಒಗ್ಗರಣೆಗೆ ಎಳೆಯಬೇಕಾದ ಉಸಿರು, ‘ಹ್ಹಾ’ ಎಂದು, ಹದಿನೈದು ವರ್ಷದಲ್ಲಿ ತಹಾನಿ ಒಮ್ಮೆಯೂ ಎಳೆಯಲಾಗದಷ್ಟು ಜೋರಾಗಿ ಅವರ ಎದೆಯಿಂದ ಬಂತು.

ತಹಾನಿಗೆ ಮೊದಲು ಬಂದದ್ದು ಸಿಟ್ಟು. ಜರ್ಮನಿ ಪಕ್ಕದ ಬೀದೀನಾ ಎಂದ ಬಾಯಿ ಇದೇ. ಅವಳು ಕೈಚೀಲವನ್ನು ಕೆಳಗಿಡದೆಯೇ ಕೇಳಿದಳು, “ಎಷ್ಟು ದಿನದಿಂದ?”

“ಎರಡೂವರೆ ತಿಂಗಳು. ಮಗುವಿನ ಏಳನೇ ದಿನದ ಶಾಸ್ತ್ರ ಇದರಲ್ಲೇ ನೋಡಿದೆ.” ಅತ್ತೆ ಪರದೆಯನ್ನು ತಲೆವಸ್ತ್ರದ ಸೆರಗಿನಿಂದ ಮುಚ್ಚಲು ಹೋಗಿ ಸುಮ್ಮನಾದರು. “ಅಡುಗೆಮನೇಲಿ ಹಿಡಿಯೋದಿಲ್ಲ. ಇಲ್ಲಿ ಕೂತ್ರೆ ಮಾತ್ರ ಅವನ ಮುಖ ಒಡೆಯದೆ ಬರುತ್ತೆ.”

“ನನ್ನ ತಲೆಗೆ ಕಟ್ಟಿದ್ರಿ, ಅತ್ತೆ.”

“ಕಟ್ಟಿದೆ.” ಅವರು ಬೇಡಿಕೊಳ್ಳಲಿಲ್ಲ. ಒಂದು ಎಲೆ ತೆಗೆದುಕೊಂಡು ಸುತ್ತಿದರು, ಅದು ಸೊಟ್ಟಗಾಯಿತು. “ಹೋಗಿ ಹೇಳು. ನಿನ್ನ ಹೆಸರು ತೊಳೆದುಹೋಗುತ್ತೆ. ನಾನು ನಿನ್ನ ಜಾಗದಲ್ಲಿದ್ದಿದ್ರೆ ಇಷ್ಟೊತ್ತಿಗೆ ಹೇಳಿ ಬಂದಿರ್ತಿದ್ದೆ.”

ಫೋನಿನಲ್ಲಿ ಮಗು ಮತ್ತೆ ಕೆಮ್ಮಿತು. ತಹಾನಿ ಹೇಳುತ್ತೇನೆಂದೂ ಅನ್ನಲಿಲ್ಲ, ಹೇಳುವುದಿಲ್ಲವೆಂದೂ ಅನ್ನಲಿಲ್ಲ. ಚೀಲ ಇಟ್ಟು, ಕೈ ತೊಳೆದು ಬಂದು, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಸೊಟ್ಟಗಾದ ಎಲೆಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಮೇಲೆ ಆ ಮಂಕು ಬಲ್ಬು ಹಗಲಿನಲ್ಲೇ ಉರಿಯುತ್ತಿತ್ತು.

ಅವತ್ತು ಮಾವ ಕಾಫಿ ಅಂಗಡಿಯಿಂದ ತಡವಾಗಿ ಬಂದರು. ದ್ರಾಕ್ಷಿ ಎಲೆಯ ಊಟವೆಂದರೆ ಎರಡು ತಟ್ಟೆ ತಿನ್ನುವವರು ಎರಡೇ ಎಲೆ ತಿಂದು ಎದ್ದರು. ಇದು ಗುರುವಾರದ ಮುನ್ಸೂಚನೆ ಎಂದು ತಹಾನಿ ಬಗೆದಳು. ಅತ್ತೆ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಮಾಂಸದ ತುಂಡು ಹಾಕಿದರು. ತಹಾನಿಗೆ ಅದು ಲಂಚದಂತೆ ಕಂಡಿತು. ತಿಂದಳು, ರುಚಿ ಹತ್ತಲಿಲ್ಲ. ಅತ್ತೆಯ ಕರೆ ಎಷ್ಟೆಂದರೂ ದಿನಕ್ಕೆ ಒಂದೂವರೆ ಗಂಟೆ. ಹೋದ ತಿಂಗಳಿನ ಲೆಕ್ಕ ಅದರಿಂದ ಕೂಡುತ್ತದೆ. ಈ ತಿಂಗಳದ್ದು ಕೂಡುವುದಿಲ್ಲ. ಹಾಗಾದರೆ ಇನ್ನೊಬ್ಬ ಕಳ್ಳ ಇದ್ದಾನೆ. ಅವನನ್ನು ಹಿಡಿದರೆ ಅತ್ತೆಯ ಸುದ್ದಿ ಎತ್ತದೆಯೇ ತಾನು ಪಾರಾಗಬಹುದು.

ಬುಧವಾರ ಮೂರೂವರೆಯ ಊಟಕ್ಕೆ ಎಲ್ಲರೂ ಸೇರಿದಾಗ ತಹಾನಿಯೇ ಮಾತೆತ್ತಿದಳು. ಈಗಲೇ, ಎಲ್ಲರೆದುರಿಗೇ ನೋಡಿಬಿಡೋಣ ಎಂದಳು. ರೂಟರಿನೊಳಗೆ ಒಂದು ಪುಟವಿರುತ್ತದೆ, ಈ ಗಳಿಗೆಯಲ್ಲಿ ಯಾರು ಯಾರು ನೆಟ್ ಎಳೆಯುತ್ತಿದ್ದಾರೆ ಎಂದು ಅದು ತೋರಿಸುತ್ತದೆ. ರೀತಾಜ್‌ಗೆ ಅದನ್ನು ತೆಗೆಯುವುದು ಗೊತ್ತು.

ಶೌಕಿ ಬೇಡ ಎಂದರು. ತನಿಖೆಯ ಹೆಸರೆತ್ತಿದರೆ ಊಟ ಬಿಟ್ಟು ಏಳುವ ಮನುಷ್ಯ, ಅದೇನು ಬಿಡು, ಮೊದಲು ಊಟ ಮಾಡಿ ಎಂದರು. ತಹಾನಿ ಬಿಡಲಿಲ್ಲ.

“ನಾಳೆ ಗುರುವಾರ, ಮಾವ. ನನ್ನ ಹೆಸರು ಕೆಟ್ಟದ್ದು ಈ ಮೇಜಿನ ಮೇಲೆ. ಸರಿಯಾದ್ರೂ ಇಲ್ಲೇ ಆಗ್ಲಿ.”

ಐದೂ ಫೋನು ಅನ್ನದ ಪಾತ್ರೆಯ ಸುತ್ತ ಬಂದವು. ರೀತಾಜ್‌ದೊಂದನ್ನು ಬಿಟ್ಟು ನಾಲ್ಕನ್ನೂ ಆರಿಸಿದರು. ರೀತಾಜ್ ಪುಟ ತೆಗೆದಳು. ಪಟ್ಟಿಯಲ್ಲಿ ಒಂದೇ ಹೆಸರಿರಬೇಕಿತ್ತು. ಎರಡಿದ್ದವು. ಎರಡನೆಯದಕ್ಕೆ ಹೆಸರಿರಲಿಲ್ಲ, ಉದ್ದನೆಯ ಅಂಕಿ ಮಾತ್ರ. ಅದು ಎಮ್ಮೆ ನೀರು ಕುಡಿದ ಹಾಗೆ ಒಂದೇ ಸಮನೆ ಎಳೆಯುತ್ತಿತ್ತು.

“ಎದುರು ಮನೆಯವರು,” ಎಂದ ವಜ್ದಿ, ತುಂಬ ಬೇಗ.

“ಮದಾಂ ತಿರೇಝ್ ಹತ್ರ ಇರೋದು ಗುಂಡಿ ಒತ್ತೋ ಫೋನು,” ಎಂದಳು ತಹಾನಿ.

ರೂಟರಿನ ದೀಪ ಮಿನುಗುತ್ತಿದೆಯೇ ನೋಡಬೇಕೆಂದು ರೀತಾಜ್ ಎದ್ದು ಹೋದಳು. ಮೇಲಿನ ಬೆಳಕಿಗೆ ಸರಿಯಾಗಿ ಕಾಣಲಿಲ್ಲ. ಹಾಲಿನ ಸ್ವಿಚ್ಚು ಆರಿಸಬೇಡ ಎಂದು ತಾತ ಹೇಳುವುದರೊಳಗೆ ಆರಿಸಿದ್ದಳು. ಮತ್ತೆ ಕೈಯ ಫೋನು ನೋಡಿಕೊಂಡಳು, ಪಟ್ಟಿಯಲ್ಲಿ ಈಗ ಒಂದೇ ಹೆಸರಿತ್ತು. ಹಚ್ಚಿದಳು, ಒಂದು ನಿಮಿಷ ಕಾದಳು, ಆರಿಸಿದಳು.

“ತಾತ,” ಎಂದಳು. “ತಿಂ‍ತಿರೋದು ಬಲ್ಬು.”

ವಜ್ದಿ ಎರಡು ಮಹಡಿಗಳ ನಡುವಿನಿಂದ ಕೊನೆಗೂ ಇಳಿದು ಬಾಯಿಬಿಟ್ಟ. ಅದು ಬಲ್ಬಲ್ಲ, ಕ್ಯಾಮೆರಾ. ಅಪ್ಪ ತರಿಸಿದರು, ನಾನೇ ಹಾಕಿಕೊಟ್ಟೆ. ಹೆಚ್ಚು ನೆಟ್ ತಿನ್ನುವವರು ರೂಟರಿನ ಬುಡಕ್ಕೆ ಬಂದೇ ಬರುತ್ತಾರೆ, ಹಿಡಿಯಬಹುದು ಎಂದು ಅಪ್ಪನ ಯೋಚನೆ. ಹಗಲಿರುಳು ಚಿತ್ರವನ್ನೂ ಸದ್ದನ್ನೂ ಹಿಡಿದು ಎಲ್ಲಿಗೋ ಕಳಿಸುತ್ತಲೇ ಇರುತ್ತದೆ ಎಂದು ಅಂಗಡಿಯವನು ಹೇಳಿರಲಿಲ್ಲ. ದಿನಕ್ಕೆ ಐದು ಜಿಬಿಯಾದರೂ ಹೋಗಿರಬೇಕು. ಕಳ್ಳನನ್ನು ಹಿಡಿಯಲು ಇಟ್ಟ ಕಾವಲುಗಾರ ಕಣಜವನ್ನೇ ತಿಂದು ಮುಗಿಸಿದ್ದ.

ತಹಾನಿ ಗಂಡನ ಮುಖ ನೋಡಲಿಲ್ಲ. ಆ ಲೆಕ್ಕ ಬೇರೆ, ಬಾಗಿಲು ಹಾಕಿಕೊಂಡು ಮಾಡುವಂಥದ್ದು. ಈಗ ಅವಳಿಗೆ ಹೊಳೆದದ್ದು ಇನ್ನೊಂದು. ನಿನ್ನೆ ಹನ್ನೊಂದೂಕಾಲಿಗೂ ಆ ಬಲ್ಬು ಉರಿಯುತ್ತಿತ್ತು. ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆಯ ಕೈ ರೊಟ್ಟಿಯ ಬುಟ್ಟಿಯ ಮೇಲೆ ಹಾಗೇ ನಿಂತಿತ್ತು. ಅವರಿಗೂ ಹೊಳೆದಿತ್ತು.

“ಸರಿ, ಕಳ್ಳ ಸಿಕ್ಕಿದನಲ್ಲ, ಊಟ ಮಾಡೋಣ,” ಎಂದ ವಜ್ದಿ.

ಆದರೆ ರೀತಾಜ್‌ಗೆ ಲೆಕ್ಕದಲ್ಲಿ ಯಾವಾಗಲೂ ಒಳ್ಳೆಯ ಅಂಕ. “ಬಲ್ಬು ಬಂದದ್ದು ಈ ತಿಂಗಳು ಮೂರಕ್ಕೆ,” ಎಂದಳು. “ಹೋದ ತಿಂಗಳು ತಿಂದದ್ದು ಯಾರು?”

ಎಲ್ಲರೂ ತಹಾನಿಯನ್ನು ನೋಡಿದರು. ಒಂದು ತಿಂಗಳಿಂದ ಕಣ್ಣುಗಳಿಗೆ ಅದೇ ರೂಢಿಯಾಗಿತ್ತು. ಅತ್ತೆ ಮಾತ್ರ ತಟ್ಟೆ ನೋಡುತ್ತಿದ್ದರು. ಅವರ ಸೆರಗಿಗೆ ಅಂಟಿದ್ದ ಒಂದು ಅನ್ನದ ಅಗುಳನ್ನು ತಹಾನಿ ಕಂಡಳು.

“ಹೋದ ತಿಂಗಳು,” ಎಂದು ತಹಾನಿ ಬಾಯಿ ತೆರೆದಳು. ಆ ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ ಅವಳಿಗೇ ಕೊನೆಗೂ ತಿಳಿಯಲಿಲ್ಲ.

“ಲೈನು ಸೋರ್ತಿದೆ,” ಎಂದರು ಶೌಕಿ.

ರೀತಾಜ್ ತಾತನನ್ನೇ ನೋಡಿದಳು. ವಜ್ದಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ನಮ್ಮದು ಹಳೇ ತಾಮ್ರದ ಲೈನು. ಎಲ್ಲೋ ಜಾಯಿಂಟ್ ಕಿತ್ತಿದೆ. ಹೋದ ತಿಂಗಳೂ ಸೋರಿದೆ, ಅದರ ಹಿಂದಿನ ತಿಂಗಳೂ ಸೋರಿದೆ. ಇದಕ್ಕೆ ಯಾರನ್ನೂ ಕೇಳೋ ಹಾಗಿಲ್ಲ.”

ಇನ್ಶಿರಾಹ್ ನಿಧಾನವಾಗಿ ತಲೆಯೆತ್ತಿದರು. “ಲೈನು ಸೋರೋದಿಲ್ಲ ಅಂತ ಮೂವತ್ನಾಲ್ಕು ವರ್ಷ ಊರಿಗೆಲ್ಲ ಹೇಳಿದ್ರಲ್ಲ.”

“ಬೇರೆಯವರದ್ದು ಸೋರೋದಿಲ್ಲ. ಇದು ಸೋರುತ್ತೆ.” ಶೌಕಿ ನೀರಿನ ಲೋಟವನ್ನು ಎತ್ತಿ, ಕುಡಿಯದೆ ಇಟ್ಟರು. “ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ ತನಕ. ನಿನ್ನೆ ಕಾಫಿ ಅಂಗಡೀಲಿ ಕೂತು ಫೋನಲ್ಲಿ ನೋಡಿದೆ.”

ವಜ್ದಿಗೆ ಏನೂ ಅರ್ಥವಾಗಲಿಲ್ಲ. ರೀತಾಜ್‌ಗೆ ಏನೋ ಅರ್ಥವಾಗಿ, ಕಣ್ಣು ಅಜ್ಜಿಯ ಕಡೆ ಹೊರಳಿತು. ಹತ್ತು ದಿನದ ಚಿತ್ರದಲ್ಲಿ ಮಾವ ಸಂಜೆ ಐದರಿಂದ ಏಳನ್ನು ಮಾತ್ರ ನೋಡಿರಬೇಕು. ಅನುಮಾನವಿದ್ದ ಕಡೆಗಷ್ಟೇ ಕಣ್ಣು. ಅಲ್ಲಿ ಸಿಕ್ಕಿದ್ದು ಚಹಾದ ತಟ್ಟೆ ಹಿಡಿದು ಹೋಗುವ ಸೊಸೆ, ಅಷ್ಟೇ. ನಿನ್ನೆ ಅದೇಕೋ ಬೆಳಿಗ್ಗೆಯೇ ತೆಗೆದು ನೋಡಿದ್ದಾರೆ. ಹೆಂಡತಿಯನ್ನು ನೋಡಿದ್ದಾರೆ, ಸೊಸೆ ಕುರ್ಚಿ ಎಳೆದು ಕೂತದ್ದನ್ನೂ ನೋಡಿದ್ದಾರೆ. ಅದಕ್ಕೇ ಎರಡೇ ಎಲೆ ಇಳಿದದ್ದು. ತಹಾನಿ ಎಲ್ಲವನ್ನೂ ಕೂಡಿಸಿಕೊಂಡಳು.

“ಮೊದಲು ಆ ಬಲ್ಬು ಬಿಚ್ಚಿ, ಮಾವ,” ಎಂದಳು.

ವಜ್ದಿ ಏಳಲು ಹೋದ. ಶೌಕಿ ಅವನನ್ನು ಕೂರಿಸಿದರು. ತಾವೇ ಸ್ಟೂಲು ತಂದರು, ಅರವತ್ತೇಳರ ಮಂಡಿಯನ್ನು ಒಂದೊಂದಾಗಿ ಏರಿಸಿ ಹತ್ತಿದರು. ಸ್ಟೂಲು ಅಲ್ಲಾಡಿದಾಗ ತಹಾನಿ ಹೋಗಿ ಹಿಡಿದುಕೊಂಡಳು, ಸ್ಟೂಲನ್ನು ಮಾತ್ರ. ಬಲ್ಬು ಕಿರ್ ಎಂದು ತಿರುಗಿ ಕೈಗೆ ಬಂತು. ಅದು ಇನ್ನೂ ಬಿಸಿಯಾಗಿತ್ತು. ಅವರು ಅದನ್ನು ಗಲಾಬಿಯ್ಯಾದ ತುದಿಯಲ್ಲಿ ಸುತ್ತಿಕೊಂಡರು.

“ನಿನ್ನ ಕ್ಲಾಸು ಐದಕ್ಕಲ್ವಾ?” ಎಂದರು ಇಳಿದು, ಸೊಸೆಗೆ, ನೆಲ ನೋಡುತ್ತ. “ಅಷ್ಟರೊಳಗೆ ಹೋಗಿ ಇನ್ನೊಂದು ಪ್ಯಾಕು ಹಾಕಿಸಿ ಬರ್ತೀನಿ. ದೊಡ್ಡದು.”

ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದರು. ಚಿಲಕದ ಮೇಲೆ ಕೈಯಿಟ್ಟು ನಿಂತರು. ಬಲ್ಬು ಜೇಬಿನಲ್ಲಿ ಗಡ್ಡೆಯ ಹಾಗೆ ಉಬ್ಬಿತ್ತು. ಬೆನ್ನು ಈ ಕಡೆಗೇ ಇತ್ತು. ಯಾರ ಹೆಸರನ್ನೂ ಹಿಡಿಯಲಿಲ್ಲ.

“ಆ ಹುಡುಗನ ಕೆಮ್ಮು ಎದೆಯಿಂದ ಬರ್ತಿದೆ,” ಎಂದರು. “ಸೋಂಪಿನ ನೀರು ಕುದಿಸಿ ಕೊಡೋಕೆ ಹೇಳು ಅವಳಿಗೆ.”